ಪುಂಡ ದಿನಗಳ ಪಟ್ಟಿ

2024ರ ಏಪ್ರಿಲ್ 28, ಭಾನುವಾರ. ಶುಕ್ರವಾರ ಬೆರಳಿಗೆ ಹಾಕಿಸಿಕೊಂಡ ಮತದಾನದ ಶಾಯಿ ಇನ್ನೂ ಕಪ್ಪಗಿತ್ತು. ಬೆಂಗಳೂರಿನ ಆಕಾಶ ಮಾತ್ರ ಒಗೆದು ಇಸ್ತ್ರಿ ಹಾಕಿದ ಹಾಗೆ ಬೋಳಾಗಿತ್ತು. ತಿಂಗಳು ಮುಗಿಯುತ್ತ ಬಂದರೂ ಮಳೆಮಾಪಕದಲ್ಲಿ ಬಿದ್ದದ್ದು ಸೊನ್ನೆ. ಬೀದಿಯಲ್ಲಿ ನೀರಿನ ಟ್ಯಾಂಕರ್ ಸದ್ದಾದರೆ ಜನ ಮದುವೆ ದಿಬ್ಬಣ ಬಂದಂತೆ ಬಾಗಿಲಿಗೆ ಬರುತ್ತಿದ್ದ ಕಾಲ ಅದು.

ಮಧ್ಯಾಹ್ನ ಮೂರರ ಹೊತ್ತಿಗೆ ಎದುರುಮನೆ ಮೇಷ್ಟ್ರು ತಲೆಯ ಮೇಲೆ ಒದ್ದೆ ಟವೆಲ್ ಹೊದ್ದು ಗೇಟಿನ ಹತ್ತಿರ ಬಂದರು.

"ಏನ್ ಸ್ವಾಮಿ, ಇವತ್ತಾದ್ರೂ ಮುರಿಯುತ್ತೋ ಇಲ್ವೋ?"

ನಾನು ಅವರ ಮನೆ ಮುಂದಿನ ತೆಂಗಿನ ಗರಿಯ ವಿಷಯ ಅಂದುಕೊಂಡೆ.

"ಗರಿ ಅಲ್ಲ ಸ್ವಾಮಿ, ರೆಕಾರ್ಡು! 39.2!"

ವಿಷಯ ಏನೆಂದರೆ, ಬೆಂಗಳೂರು ನಗರದಲ್ಲಿ ಇದುವರೆಗೆ ಅಳೆದ ಅತಿ ಹೆಚ್ಚು ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್. ಅದು 2016ರ ಏಪ್ರಿಲ್ ಕೊನೆಯ ವಾರದ್ದು. ಮೇಷ್ಟ್ರು ಹತ್ತು ದಿನದಿಂದ ಆ ಅಂಕಿಯ ಹಿಂದೆ ಬಿದ್ದಿದ್ದರು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ತೊಂಬತ್ತರ ಗಡಿ ದಾಟಿದ ಬ್ಯಾಟರ್‌ನನ್ನು ನೋಡುವ ಹಾಗೆ ದಿನಾ ಸಂಜೆ ಟಿ.ವಿ. ಮುಂದೆ ಕೂತು, "ಇನ್ನೊಂದೂವರೆ ಬೇಕು, ಇನ್ನೊಂದು ಕಾಲು ಬೇಕು" ಅಂತ ಲೆಕ್ಕ ಹಾಕುತ್ತಿದ್ದರು. ಅವತ್ತು ಸಂಜೆ ಅಂಕಿ ಬಂತು: 38.5. ಮೇಷ್ಟ್ರ ಮುಖ ಇಳಿದು ಹೋಯಿತು.

"ಛೆ, ಏಳು ಪಾಯಿಂಟಲ್ಲಿ ಹೋಯ್ತು. ಇಷ್ಟು ಬೆಂದಿದ್ದೂ ದಂಡ."

ನನಗೆ ಅವರ ದುಃಖ ಅರ್ಥವಾಯಿತು. ಬೇಯುವುದು ಹೇಗಿದ್ದರೂ ತಪ್ಪಿದ್ದಲ್ಲ. ಬೆಂದದ್ದಕ್ಕೆ ಒಂದು ದಾಖಲೆಯಾದರೂ ಸಿಕ್ಕಿದ್ದರೆ ಮೊಮ್ಮಕ್ಕಳಿಗೆ ಹೇಳಿಕೊಳ್ಳಬಹುದಿತ್ತು. ದಾಖಲೆಗೆ ಏಳು ಪಾಯಿಂಟು ಕಮ್ಮಿ ಇರುವ ಸೆಕೆ ಬರೀ ಸೆಕೆ.

ಮೇಷ್ಟ್ರಿಗೆ ಒಂದು ಸಿದ್ಧಾಂತವೂ ಇತ್ತು. "2016 ಯಾವ ಸಂವತ್ಸರ? ದುರ್ಮುಖಿ. ಹೆಸರಲ್ಲೇ ಮುಖ ಗಂಟು. ಈಗಿನದು ಯಾವುದು? ಕ್ರೋಧಿ. ಹೆಸರಲ್ಲೇ ಕೋಪ. ಇನ್ನು ಹವಾಮಾನ ಇಲಾಖೆ ಯಾಕೆ ಬೇಕು? ಪಂಚಾಂಗದ ಮೊದಲನೇ ಪುಟ ನೋಡಿದ್ರೆ ಸಾಕು!"

ಸಿದ್ಧಾಂತ ಚೆನ್ನಾಗಿತ್ತು. ಹಾಳು ಮಾಡುವ ಆಸೆ ನನಗೇ ಹುಟ್ಟಿತು. "ಮೇಷ್ಟ್ರೇ, ಬೆಂಗಳೂರಲ್ಲಿ ಮೇ ತಿಂಗಳ ದಾಖಲೆ 1931ನೇ ಇಸವಿ ಮೇ 22ರದ್ದು. 38.9 ಡಿಗ್ರಿ. ಅದು ಪ್ರಜೋತ್ಪತ್ತಿ ಸಂವತ್ಸರ. ಪ್ರಜೆಗಳು ಉತ್ಪತ್ತಿಯಾಗೋ ವರ್ಷಕ್ಕೂ ಆ ಬಿಸಿಲಿಗೂ ಏನು ಸಂಬಂಧ? ಇನ್ನು 2022 ಶುಭಕೃತ್. ಆ ಸೆಪ್ಟೆಂಬರಲ್ಲಿ ಒಂದೇ ರಾತ್ರಿ 131.6 ಮಿಲಿಮೀಟರ್ ಸುರಿದು, ಹೊರವರ್ತುಲ ರಸ್ತೆಯ ಕಡೆ ಕಂಪ್ಯೂಟರ್ ಕೆಲಸದವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಅದು ಯಾವ ಶುಭ?"

ಮೇಷ್ಟ್ರು ಟವೆಲ್ ತೆಗೆದು ಹಿಂಡಿದರು. ಸಿದ್ಧಾಂತದ ನೀರೂ ಅದರ ಜೊತೆಗೇ ಇಳಿಯಿತು ಅಂದುಕೊಂಡೆ. ಆದರೆ ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು ಅಷ್ಟು ಸುಲಭಕ್ಕೆ ಸೋಲುತ್ತಾರೆಯೇ?

"1931ರಲ್ಲಿ 38.9 ಅಂದ್ರಲ್ಲ, ಅದರ ಮಾರನೇ ದಿನ ಎಷ್ಟಿತ್ತು?"

ನಾನು ಸುಮ್ಮನಾದೆ. ನನ್ನ ಹತ್ತಿರ ಇದ್ದದ್ದು ದಾಖಲೆಗಳ ಪಟ್ಟಿ. ಅದರಲ್ಲಿ ಮಾರನೇ ದಿನಕ್ಕೆ ಜಾಗವಿಲ್ಲ.

"ನೋಡಿದ್ರಾ! ನಿಮ್ಮ ಪಟ್ಟಿ ಪೊಲೀಸ್ ಸ್ಟೇಷನ್ ಬೋರ್ಡಿದ್ದ ಹಾಗೆ. ಊರಿನ ಪುಂಡರ ಫೋಟೋ ಮಾತ್ರ ಇರುತ್ತೆ. ಸಂಭಾವಿತರ ಫೋಟೋ ಯಾರೂ ಅಂಟಿಸಲ್ಲ. ಆ ಬೋರ್ಡು ನೋಡಿ ಊರು ಹೀಗೇ ಅಂತ ಹೇಳೋಕಾಗುತ್ತಾ?"

ಈ ಮಾತಿಗೆ ಆ ಹೊತ್ತು ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಪುಂಡರ ಪಟ್ಟಿ ಓದುವುದರಲ್ಲಿ ಒಂದು ಸುಖವಿದೆ ಅನ್ನುವುದನ್ನು ಒಪ್ಪಲೇಬೇಕು. ಸಂಭಾವಿತರ ಕಥೆ ಯಾರಿಗೆ ಬೇಕು?

ಚಳಿಯ ಪುಂಡನನ್ನೇ ನೋಡಿ. 1884ರ ಜನವರಿ 13, ಸಂಕ್ರಾಂತಿಯ ಆಸುಪಾಸು. ಬೆಂಗಳೂರಿನ ಕನಿಷ್ಠ ಉಷ್ಣಾಂಶ 7.8 ಡಿಗ್ರಿ. ನಗರದ ಇಡೀ ಚರಿತ್ರೆಯಲ್ಲಿ ಅದಕ್ಕಿಂತ ಕೆಳಗೆ ಪಾದರಸ ಇಳಿದ ಲೆಕ್ಕವಿಲ್ಲ. ಅದಕ್ಕೆ ಎರಡು ವಾರ ಮುಂಚೆ, 1883ರ ಡಿಸೆಂಬರ್ 29ಕ್ಕೆ 8.9. ಡಿಸೆಂಬರಿನ ದಾಖಲೆ ಇವತ್ತಿಗೂ ಅದೇ. ಒಂದೇ ಚಳಿಗಾಲದಲ್ಲಿ ಎರಡು ತಿಂಗಳ ಪಟ್ಟ ಕಟ್ಟಿಕೊಂಡು ಹೋಗಿದೆ. 1883ರ ಆಗಸ್ಟಿನಲ್ಲಿ ಇಂಡೋನೇಷ್ಯಾದ ಕಡೆ ಕ್ರಾಕಟೋವಾ ಜ್ವಾಲಾಮುಖಿ ಸಿಡಿದು, ಅದು ಎಬ್ಬಿಸಿದ ಮುಸುಕಿನಿಂದ ಭೂಮಿಯೇ ಒಂದಿಷ್ಟು ತಣ್ಣಗಾಯಿತಂತೆ. ಹಾಗಾದರೆ ಬೆಂಗಳೂರಿನ ಚಳಿಗೆ ಅದೇ ಕಾರಣವೋ? ಹಾಗೆಂದು ಹೇಳಿದರೆ ಮೇಷ್ಟ್ರ ದುರ್ಮುಖಿ ಸಿದ್ಧಾಂತಕ್ಕೂ ನನ್ನದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಮೋಡವಿಲ್ಲದ ಆಕಾಶ, ಒಣಗಾಳಿ, ಉದ್ದ ರಾತ್ರಿ, ಇಷ್ಟು ಸೇರಿದರೆ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಬೆಳಗಿನ ಜಾವಕ್ಕೆ ನಡುಗುತ್ತದೆ. ಒಂದು ಬೆಳಗಿನ ಚಳಿಗೆ ಅಷ್ಟು ಸಾಕು.

ಈ ಹಳೆಯ ಅಂಕಿಗಳಲ್ಲಿ ಇನ್ನೊಂದು ಮೋಜಿದೆ. 7.8 ಅಂದರೆ ಎಷ್ಟು ಸೂಕ್ಷ್ಮವಾಗಿ ಅಳೆದಿದ್ದಾರಪ್ಪ ಅನ್ನಿಸುತ್ತದಲ್ಲವೇ? ಅದನ್ನು ಫ್ಯಾರನ್‌ಹೀಟಿಗೆ ತಿರುಗಿಸಿ ನೋಡಿ: ಗುಂಡಗೆ 46. ಡಿಸೆಂಬರಿನ 8.9 ಅಂದರೆ 48. 1931ರ 38.9 ಅಂದರೆ 102. ಬ್ರಿಟಿಷರ ಕಾಲದ ಡಿಗ್ರಿಗಳು ದಶಮಾಂಶದ ಪಂಚೆ ಉಟ್ಟುಕೊಂಡು ನಮ್ಮ ಪಟ್ಟಿಯಲ್ಲಿ ಕೂತಿವೆ ಅಷ್ಟೆ. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು, "ಅದಕ್ಕೇ ನಮ್ಮಪ್ಪ ಜ್ವರ ಬಂದ್ರೆ ನೂರಾಎರಡು ಅಂತಿದ್ರು. ಅವತ್ತು ಊರಿಗೇ ಜ್ವರ ಬಂದಿತ್ತು ಅನ್ನಿ" ಅಂದರು.

ಮೇಷ್ಟ್ರ ನಿಜವಾದ ಪ್ರಯೋಗ ಶುರುವಾದದ್ದು ಮರುದಿನ. ಅವರ ಮಗ ಎಲ್ಲೋ ಆರ್ಡರ್ ಮಾಡಿ ಒಂದು ಥರ್ಮಾಮೀಟರ್ ತರಿಸಿಕೊಟ್ಟ. ಮೇಷ್ಟ್ರು ಅದನ್ನು ತಾರಸಿಯ ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕಿಗೆ ಒರಗಿಸಿಟ್ಟು, ಒಂದು ಗಂಟೆ ಬಿಟ್ಟು ಓಡೋಡಿ ಬಂದರು. "ಮುರೀತು ಸ್ವಾಮಿ! 46! ಪೇಪರಿನವರಿಗೆ ಫೋನ್ ಮಾಡಿ!"

"ಮೇಷ್ಟ್ರೇ, ಅದು ಬೆಂಗಳೂರಿನ ಉಷ್ಣಾಂಶವಲ್ಲ. ನಿಮ್ಮ ಟ್ಯಾಂಕಿನದು" ಅಂದೆ.

ಹವಾಮಾನದವರು ಅಳೆಯುವುದು ಗಾಳಿಯ ಬಿಸಿಯನ್ನು, ಬಿಸಿಲಿನ ಬಿಸಿಯನ್ನಲ್ಲ. ಅದಕ್ಕೆಂದೇ ಒಂದು ಬಿಳಿ ಬಣ್ಣದ ಮರದ ಪೆಟ್ಟಿಗೆ. ನಾಲ್ಕು ಪಕ್ಕಕ್ಕೂ ಹಳೇ ಮನೆಯ ಕಿಟಕಿಯ ಹಾಗೆ ಓರೆ ಪಟ್ಟಿಗಳು, ಗಾಳಿ ಆಡಲಿ, ಬಿಸಿಲು ತಾಗದಿರಲಿ ಅಂತ. ಕಾಲುಗಳ ಮೇಲೆ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಕಟ್ಟಡದಿಂದ ದೂರ, ಹುಲ್ಲಿನ ಬಯಲಿನಲ್ಲಿ ನಿಂತಿರುತ್ತದೆ. ಬಾಗಿಲು ಉತ್ತರಕ್ಕೆ, ತೆಗೆದಾಗಲೂ ಸೂರ್ಯ ಇಣುಕಬಾರದು. ಇದನ್ನು ರೂಪಿಸಿದವನು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್ಸನ್. ದೀಪಸ್ತಂಭ ಕಟ್ಟುವ ಎಂಜಿನಿಯರ್. 'ಟ್ರೆಷರ್ ಐಲೆಂಡ್' ಕಾದಂಬರಿ ಬರೆದ ಸ್ಟೀವನ್ಸನ್‌ನ ಅಪ್ಪ. ಮಗ ನಿಧಿ ಪೆಟ್ಟಿಗೆಯ ಕಥೆ ಬರೆದ, ಅಪ್ಪ ಗಾಳಿ ಪೆಟ್ಟಿಗೆ ಮಾಡಿದ.

ಪೆಟ್ಟಿಗೆಯ ಒಳಗೆ ಎರಡು ಥರ್ಮಾಮೀಟರ್ ಮಲಗಿರುತ್ತವೆ. ಗರಿಷ್ಠದ್ದು ಪಾದರಸದ್ದು, ಥೇಟ್ ಡಾಕ್ಟರರ ಜ್ವರದ ಕಡ್ಡಿಯ ತತ್ವ: ಬುಡದ ಹತ್ತಿರ ಕತ್ತು ಕಿರಿದು, ಹತ್ತಿದ ಪಾದರಸ ತಾನಾಗಿ ಇಳಿಯದು, ಓದಿಕೊಂಡ ಮೇಲೆ ಕೊಡವಬೇಕು. ಕನಿಷ್ಠದ್ದರಲ್ಲಿ ಮದ್ಯಸಾರ, ಅದರೊಳಗೆ ಡಂಬೆಲ್ ಆಕಾರದ ಒಂದು ಪುಟ್ಟ ಕಡ್ಡಿ. ಚಳಿಗೆ ದ್ರವ ಕುಗ್ಗುವಾಗ ಕಡ್ಡಿಯನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ, ಹಿಗ್ಗುವಾಗ ಅಲ್ಲೇ ಬಿಟ್ಟು ಮುಂದೆ ಬರುತ್ತದೆ. ರಾತ್ರಿ ಎಲ್ಲಿಯವರೆಗೆ ಹೋಗಿದ್ದೆ ಅಂತ ಬೆಳಿಗ್ಗೆ ಸಾಕ್ಷಿ ಹೇಳುವ ಕಡ್ಡಿ ಅದು. ಹೆಂಡತಿಯರ ಕೈಗೆ ಸಿಗಬಾರದ ಉಪಕರಣ.

ಕಡ್ಡಿಯ ಯಾವ ತುದಿ ನೋಡಬೇಕು ಅನ್ನುವುದರ ಮೇಲೆ ಜಗತ್ತಿನ ದಾಖಲೆಯೇ ಬಿದ್ದುಹೋದ ಕಥೆಯೊಂದಿದೆ. 1922ರ ಸೆಪ್ಟೆಂಬರ್ 13ರಂದು ಲಿಬಿಯಾದ ಅಲ್ ಅಜೀಜಿಯಾದಲ್ಲಿ 58 ಡಿಗ್ರಿ ದಾಖಲಾಯಿತು. ತೊಂಬತ್ತು ವರ್ಷ ಶಾಲೆಯ ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಹಳೆಯ ಪುಸ್ತಕ ತೆಗೆಸಿ ನೋಡಿ, ಅಲ್ಲಿ ಬರೆದವನು ಆ ಕೆಲಸಕ್ಕೆ ಹೊಸಬ, ಕಡ್ಡಿಯ ತಪ್ಪು ತುದಿಯನ್ನು ಓದಿರುವ ಸಾಧ್ಯತೆಯೇ ಹೆಚ್ಚು ಅಂತ ದಾಖಲೆಯನ್ನು ತಳ್ಳಿಹಾಕಿತು. ಪಟ್ಟ ಅಮೆರಿಕದ ಡೆತ್ ವ್ಯಾಲಿಗೆ ಹೋಯಿತು: 1913ರ ಜುಲೈ 10ರ 56.7. "ತೊಂಬತ್ತು ವರ್ಷ ಆದ್ಮೇಲೆ ಪೇಪರ್ ರೀವ್ಯಾಲ್ಯುಯೇಷನ್ನಾ? ನಾನು ಕೊಟ್ಟ ಮಾರ್ಕ್ಸ್ ಎಲ್ಲ ಹೀಗೆ ತೆಗೆಸಿದ್ರೆ ಗತಿ ಏನು!" ಅಂತ ಮೇಷ್ಟ್ರು ನಿಜವಾಗಿಯೇ ಗಾಬರಿಯಾದರು.

2024ರ ಮೇ 29ಕ್ಕೆ ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶದ ದಾಖಲೆ ರಾಜಸ್ಥಾನದ ಫಲೋದಿಯದು, 2016ರ ಮೇ 19ರ 51.0. ಅದೂ ದುರ್ಮುಖಿಯೇ ಅಂತ ಮೇಷ್ಟ್ರು ಹೇಳದೆ ಬಿಡಲಿಲ್ಲ. ದೆಹಲಿ ಅದನ್ನು ಮುರಿಯಿತು ಅಂತ ಅವರು ಎದ್ದು ಕೂತಿದ್ದೇ ಬಂತು. ಇಲಾಖೆಯವರು ಪರಿಶೀಲಿಸಿ, ಆ ಯಂತ್ರ ಮೂರು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು ಅಂದರು. ನಮ್ಮ ಮೀಟರ್ ಆಟೋಗಳ ನೆನಪಾಯಿತು.

ಬೆಂಗಳೂರಿನ ಪೆಟ್ಟಿಗೆ ಇರುವುದು ಅರಮನೆ ರಸ್ತೆಯಲ್ಲಿ, ಸೆಂಟ್ರಲ್ ಕಾಲೇಜಿನ ಮಗ್ಗುಲಲ್ಲಿ. 1890ರ ದಶಕದಲ್ಲಿ ಮೈಸೂರು ಸಂಸ್ಥಾನ ಅಲ್ಲಿ ವೀಕ್ಷಣಾಲಯ ಮಾಡಿದಾಗ ಅದನ್ನು ನೋಡಿಕೊಂಡವರು ಸೆಂಟ್ರಲ್ ಕಾಲೇಜಿನ ಜಾನ್ ಕುಕ್. ಎಚ್.ಎ.ಎಲ್. ವಿಮಾನ ನಿಲ್ದಾಣಕ್ಕೆ ಒಂದು, ದೇವನಹಳ್ಳಿ ಕಡೆಯ ಕೆಂಪೇಗೌಡ ನಿಲ್ದಾಣಕ್ಕೆ ಒಂದು ಬೇರೆ ಲೆಕ್ಕವಿದೆ. ಒಂದೇ ದಿನ ಮೂರೂ ಕಡೆ ಮೂರು ಅಂಕಿ. ಮಾರತ್ತಹಳ್ಳಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಮಲ್ಲೇಶ್ವರದಲ್ಲಿ ಬಟ್ಟೆ ಒಣಗುತ್ತಿರುತ್ತದೆ; ಆದರೆ "ಬೆಂಗಳೂರಿನ ದಾಖಲೆ" ಅಂದಾಗ ಮಾತಾಡುವುದು ಅರಮನೆ ರಸ್ತೆಯ ಪೆಟ್ಟಿಗೆಯೇ. ನಾವು ಒಂದು ಕೋಟಿಗೂ ಹೆಚ್ಚು ಜನ ಬೆವರುತ್ತೇವೆ, ಸಹಿ ಹಾಕುವುದು ಅದೊಂದೇ.

ಇನ್ನು ದಿನ ಅನ್ನುವುದಾದರೂ ಎಲ್ಲಿಂದ ಎಲ್ಲಿಗೆ? ಪಂಚಾಂಗದವರಿಗೆ ಸೂರ್ಯೋದಯದಿಂದ, ರೈಲ್ವೆಯವರಿಗೆ ಮಧ್ಯರಾತ್ರಿಯಿಂದ, ಹವಾಮಾನದವರ ಮಳೆಗೆ ಬೆಳಿಗ್ಗೆ ಎಂಟೂವರೆಯಿಂದ ಮಾರನೇ ಬೆಳಿಗ್ಗೆ ಎಂಟೂವರೆಗೆ. ಅಂದರೆ ನೀವು ಇಡ್ಲಿ ತಿನ್ನುವಾಗ ಬಿದ್ದ ಮಳೆ ಒಂದು ದಿನದ್ದು, ಕಾಫಿ ಕುಡಿಯುವಾಗ ಬಿದ್ದದ್ದು ಇನ್ನೊಂದು ದಿನದ್ದು ಆಗಬಹುದು.

ಸ್ಟೀವನ್ಸನ್‌ನ ಪೆಟ್ಟಿಗೆಯ ವಿಷಯ ಕೇಳಿದ್ದೇ ತಡ, ಮೇಷ್ಟ್ರು ತಾವೇ ಒಂದನ್ನು ಮಾಡಿಸಲು ಹೊರಟಿದ್ದರು. ಮಾವಿನಹಣ್ಣಿನ ಮರದ ಪೆಟ್ಟಿಗೆಗೆ ಬಿಳಿ ಬಣ್ಣ ಹೊಡೆದು, ಸ್ಟೂಲಿನ ಮೇಲೆ ಉತ್ತರಾಭಿಮುಖವಾಗಿ ಪ್ರತಿಷ್ಠಾಪಿಸಿದರು. ನಾಲ್ಕನೇ ದಿನ ಒಳಗೆ ಪಾರಿವಾಳ ಮೊಟ್ಟೆಯಿಟ್ಟಿತು. ಆ ದಿನದಿಂದ ಗರಿಷ್ಠ, ಕನಿಷ್ಠ ಎರಡೂ ಪಾರಿವಾಳದ ಮೈಬಿಸಿ. ವಿಜ್ಞಾನ ಅಲ್ಲಿಗೆ ನಿಂತಿತು.

"ಎಲ್ಲ ಸರಿ, ಏಪ್ರಿಲಲ್ಲೇ ಯಾಕೆ ಹೀಗೆ? ಉತ್ತರದವರು ಮೇ, ಜೂನಲ್ಲಿ ಬೇಯ್ತಾರೆ" ಅಂತ ಒಂದು ದಿನ ಕೇಳಿದರು. ಇದಕ್ಕೆ ಉತ್ತರ ಅವರ ಕಾಲ ಬುಡದಲ್ಲೇ ಇತ್ತು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನಮ್ಮ ನೆತ್ತಿಗೆ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದನ್ನೇ ಶೂನ್ಯ ನೆರಳಿನ ದಿನ ಅನ್ನುತ್ತಾರೆ. 2016ರ ದಾಖಲೆಯೂ ಅದೇ ವಾರದ್ದು ಅನ್ನುವುದನ್ನು ಗಮನಿಸಿ. ಆಗಸ್ಟಿನಲ್ಲಿ ಸೂರ್ಯ ಇನ್ನೊಮ್ಮೆ ನೆತ್ತಿಗೆ ಬರುತ್ತಾನೆ, ಆದರೆ ಅಷ್ಟು ಹೊತ್ತಿಗೆ ಮೋಡ ಕೊಡೆ ಹಿಡಿದಿರುತ್ತದೆ. ಸಾಮಾನ್ಯವಾಗಿ ಏಪ್ರಿಲ್ಲಿನಲ್ಲೂ ಸಂಜೆ ನಾಲ್ಕಕ್ಕೆ ಗುಡುಗಿ, ಮಾವಿನ ಮಳೆ ಎರಡು ಹನಿ ಉದುರಿಸಿ ನೆಲ ತಣಿಸುತ್ತದೆ. 2024ರಲ್ಲಿ ಅದು ಕೈಕೊಟ್ಟಿತ್ತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ ಇರುವ ಪುಣ್ಯಕ್ಕೆ ನಮಗೆ ಆರು ಡಿಗ್ರಿಯಷ್ಟು ರಿಯಾಯಿತಿ. ರಾಯಚೂರು, ಕಲಬುರಗಿಯ ಜನ ನಮ್ಮ 38.5ಕ್ಕೆ ನಗುತ್ತಾರೆ, ಅವರಿಗೆ ಅದು ಹೊದ್ದು ಮಲಗುವ ಹವೆ.

"ಆದ್ರೂ ನಮ್ಮ ಕಾಲದಲ್ಲಿ ಮನೇಲಿ ಫ್ಯಾನೇ ಇರಲಿಲ್ಲ ಸ್ವಾಮಿ" ಅನ್ನುವುದು ಮೇಷ್ಟ್ರ ಕೊನೆಯ ಅಸ್ತ್ರ. ಪ್ರತಿ ಬೆಂಗಳೂರಿಗನ ಕೊನೆಯ ಅಸ್ತ್ರವೂ ಅದೇ. ನಾನು 1931 ಅನ್ನುತ್ತೇನೆ. ಅವರು ಮಾರನೇ ದಿನ ಎಷ್ಟು ಅನ್ನುತ್ತಾರೆ. ಈ ಜಗಳಕ್ಕೆ ಹವಾಮಾನದವರು ಇಟ್ಟುಕೊಂಡಿರುವ ಮದ್ದು 'ವಾಡಿಕೆ'. ಮೂವತ್ತು ವರ್ಷದ ಸರಾಸರಿ ತೆಗೆದು, ಈ ತಿಂಗಳಿಗೆ ಇಷ್ಟು ವಾಡಿಕೆ, ಇವತ್ತು ವಾಡಿಕೆಗಿಂತ ನಾಲ್ಕು ಜಾಸ್ತಿ ಅಂತ ಹೇಳುತ್ತಾರೆ. ಪುಂಡರೂ ಸಂಭಾವಿತರೂ ಒಂದೇ ಪಂಕ್ತಿಯಲ್ಲಿ ಕೂತ ಲೆಕ್ಕ ಅದು. ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿದೆ. ಆದರೆ ಒಂದು ಕಿತಾಪತಿ ನೋಡಿ: ವಾಡಿಕೆಯೂ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಮೊದಲು 1981ರಿಂದ 2010ರದ್ದು, ಈಗ 1991ರಿಂದ 2020ರದ್ದು. ಅಂದರೆ ಬಿಸಿ ವರ್ಷಗಳು ಸಾಲಾಗಿ ಬಂದರೆ ಆ ಬಿಸಿಯೇ ವಾಡಿಕೆಯಾಗಿ ಬಿಡುತ್ತದೆ. ಪುಂಡ ಊರಿನಲ್ಲಿ ಸಾಕಷ್ಟು ಕಾಲ ಉಳಿದರೆ ಗ್ರಾಮ ಪಂಚಾಯಿತಿ ಸದಸ್ಯನಾಗುವ ಹಾಗೆ.

ನಮ್ಮಾಕೆ ಈ ಚರ್ಚೆಗೆ ಬಂದವಳೇ ಅಲ್ಲ. ಅವಳು ತಾರಸಿಯಲ್ಲಿ ಅರಳು ಸಂಡಿಗೆ ಇಟ್ಟು ಕಾವಲು ಕೂರುವವಳು. ಅವಳ ಅಳತೆಗೆ ಡಿಗ್ರಿ ಇಲ್ಲ, ಬಿಸಿಲೇ ಅಳತೆ. "ಇದಕ್ಕೆ ಎರಡು ಬಿಸಿಲು ಸಾಕು", "ಹಪ್ಪಳಕ್ಕೆ ಮೂರು ಬಿಸಿಲು ಬೇಕು" ಅನ್ನುತ್ತಾಳೆ. ಒಂದು ಸಂಜೆ ಸುಮ್ಮನೆ ಒಳಗೆ ಹೋಗಿ ಹಳೆಯ ಕ್ಯಾಲೆಂಡರುಗಳ ಒಂದು ಸುರುಳಿ ತಂದು ನಮ್ಮ ಮುಂದೆ ಹಾಕಿದಳು. ನಮ್ಮಮ್ಮನ ಕಾಲದಿಂದ ಹಾಲಿನ ಲೆಕ್ಕ ಬರೆದು ಇಟ್ಟವು. ಅರ್ಧ ಲೀಟರು, ಒಂದು ಲೀಟರು, "ಹಾಲು ಬರಲಿಲ್ಲ", ನಡುನಡುವೆ ಅಮ್ಮನ ಗುಂಡಗಿನ ಅಕ್ಷರ: "ಸಂಜೆ ಆಲಿಕಲ್ಲು." "ಸಂಡಿಗೆ ನೆನೆದು ಹಾಳು." "ರಾತ್ರಿ ಕಂಬಳಿ ತೆಗೆದೆ." ಇತ್ತೀಚಿನದರಲ್ಲಿ ನಮ್ಮಾಕೆಯ ಕೈಬರಹ: "ಸಂಡಿಗೆ ಒಂದೇ ಬಿಸಿಲಿಗೆ ಒಣಗಿತು."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಅರ್ಧ ಗಂಟೆ ಓದಿದರು. "ಇದರಲ್ಲಿ ಮಾರನೇ ದಿನವೂ ಇದೆಯಲ್ಲ ಸ್ವಾಮಿ" ಅಂದರು.

ಜೂನ್ 2, ಮತ್ತೆ ಭಾನುವಾರ. ಫಲಿತಾಂಶಕ್ಕೆ ಎರಡು ದಿನವಿತ್ತು, ಎಲ್ಲರ ತಲೆಯಲ್ಲೂ ಸೀಟಿನ ಲೆಕ್ಕ. ಸಂಜೆ ಕಪ್ಪಾಯಿತು, ಗಾಳಿ ಎದ್ದಿತು, ಮೇಷ್ಟ್ರ ಪೆಟ್ಟಿಗೆ ಸ್ಟೂಲಿನ ಸಮೇತ ನಮ್ಮ ಕಾಂಪೌಂಡಿಗೆ ಬಂದು ಬಿತ್ತು. ಪಾರಿವಾಳ ಅಷ್ಟರೊಳಗೆ ಹಾರಿ ಹೋಗಿತ್ತು ಪುಣ್ಯಕ್ಕೆ. ಮರಗಳು ಉರುಳಿದವು, ಕರೆಂಟು ಹೋಯಿತು. ಮಾರನೇ ದಿನ ಗೊತ್ತಾಯಿತು: 111.1 ಮಿಲಿಮೀಟರ್. 133 ವರ್ಷದಲ್ಲಿ ಬೆಂಗಳೂರು ಜೂನಿನಲ್ಲಿ ಒಂದು ದಿನಕ್ಕೆ ಕಂಡ ಅತಿ ದೊಡ್ಡ ಮಳೆ. ಮುರಿದದ್ದು 1891ರ ಜೂನ್ 16ರ 101.6 ಮಿಲಿಮೀಟರನ್ನು. ಅದನ್ನೂ ತಿರುಗಿಸಿ ನೋಡಿದೆ: ಸರಿಯಾಗಿ ನಾಲ್ಕು ಇಂಚು.

ಏಪ್ರಿಲಿಡೀ ಕಾದ ದಾಖಲೆ ಬರಲಿಲ್ಲ. ಯಾರೂ ಕಾಯದ ದಾಖಲೆ ಬಂದು ಬಾಗಿಲು ಬಡಿಯಿತು. ಮೇಷ್ಟ್ರು ಆ ಹೊತ್ತಿಗೆ ಕತ್ತಲಲ್ಲಿ ಮೇಣದ ಬತ್ತಿ ಹುಡುಕುತ್ತಿದ್ದರಂತೆ. ನೋಡಲೂ ಇಲ್ಲ.

ಓದುಗರಲ್ಲಿ ಒಂದು ಮಾತು. ನೀವು ಥರ್ಮಾಮೀಟರ್ ಕೊಳ್ಳಬೇಡಿ, ಪೆಟ್ಟಿಗೆಯನ್ನಂತೂ ಮಾಡಿಸಲೇ ಬೇಡಿ. ಆ ಕೆಲಸವನ್ನು ಅರಮನೆ ರಸ್ತೆಯವರು ನೂರು ವರ್ಷಕ್ಕೂ ಮಿಕ್ಕಿ ಮಾಡಿಕೊಂಡು ಬಂದಿದ್ದಾರೆ, ಮಾಡುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ಚೌಕದೊಳಗೆ ಒಂದು ಸಾಲು ಬರೆದಿಡಿ: ಫ್ಯಾನ್ ಹಾಕಿದ್ದು, ಕಂಬಳಿ ತೆಗೆದದ್ದು, ಬಟ್ಟೆ ನೆನೆದದ್ದು. ನಾಳೆಯದನ್ನೂ ಬರೆಯಿರಿ. ಇಲ್ಲದಿದ್ದರೆ ಮೂವತ್ತು ವರ್ಷದ ಮೇಲೆ ನೀವೂ ಗೇಟಿನ ಹತ್ತಿರ ಒದ್ದೆ ಟವೆಲ್ ಹೊದ್ದು, "ನಮ್ಮ ಕಾಲದಲ್ಲಿ..." ಅಂತ ಶುರುಮಾಡುತ್ತೀರಿ, ಎದುರುಮನೆಯ ಹುಡುಗ ಮೊಬೈಲ್ ತೆಗೆದು ಪುಂಡರ ಪಟ್ಟಿ ಓದುತ್ತಾನೆ. ಆಗ ಅವನಿಗೆ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರಲಿ.